ಕಿಲೋಮೀಟರ್ ಮಾವ ಮತ್ತು ತಿಪ್ಪೆಯ ಸೌತೆಬಳ್ಳಿ

ನನ್ನ ಸೋದರಮಾವನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎದುರಿಗೆ ಸಿಕ್ಕರೆ 'ಸೂಪರ್‌ವೈಸರ್' ಎನ್ನುತ್ತಾರೆ, ಬೆನ್ನು ತಿರುಗಿಸಿದರೆ 'ಕಿಲೋಮೀಟರ್' ಎನ್ನುತ್ತಾರೆ. ಹಿತ್ತಿಲಲ್ಲಿ ಅವನ ತಲೆ ಕಂಡಾಗ ಹೆಂಗಸರು ಆಡುವ ಮಾತುಗಳನ್ನು ಮಾತ್ರ ಇಲ್ಲಿ ಬರೆಯುವ ಹಾಗಿಲ್ಲ, ಅವುಗಳಲ್ಲಿ ಕೆಲವು ನನ್ನ ಅಜ್ಜಿಗೂ ತಗಲುತ್ತವೆ.

ನಮ್ಮೂರಿನವರು ಒಂದು ಕಂಪನಿಗೆ ಸೌತೆಯ ಹೈಬ್ರಿಡ್ ಬೀಜ ಬೆಳೆದು ಕೊಡುತ್ತಾರೆ. ಒಂದು ತಳಿಯದು ಹೆಣ್ಣು ಸಾಲು, ಇನ್ನೊಂದು ತಳಿಯದು ಗಂಡು ಸಾಲು, ಮದುವೆ ಮಾಡಿಸುವ ಕೆಲಸ ಜೇನುನೊಣದ್ದು. ಹೆಣ್ಣು ಬಳ್ಳಿಯಲ್ಲಿ ಬಲಿತ ಬೀಜವನ್ನು ಕಂಪನಿ ಪೊಟ್ಟಣ ಕಟ್ಟಿ ಮಾರುತ್ತದೆ. ಅದನ್ನು ಬಿತ್ತಿದವನಿಗೆ ಹಳೆಯ ಬೀಜದ ಎರಡು ಪಟ್ಟು ಕಾಯಿ, ಎಲ್ಲವೂ ಒಂದೇ ಅಳತೆ. ಇದು ಜಾಹೀರಾತಿನ ಬೊಗಳೆಯಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ನೊಣಕ್ಕೆ ಮಾನ ಮರ್ಯಾದೆ ಇಲ್ಲ. ಅಕ್ಕಪಕ್ಕದಲ್ಲೆಲ್ಲೋ ಬೇರೆ ಸೌತೆ ಹೂ ಬಿಟ್ಟಿದ್ದರೆ ಅಲ್ಲಿಗೂ ಹೋಗಿ ಬರುತ್ತದೆ, ಬೀಜ ಕುಲಗೆಡುತ್ತದೆ. ಅದಕ್ಕೇ ಬೀಜದ ಹೊಲದಿಂದ ಒಂದು ಕಿಲೋಮೀಟರ್ ಒಳಗೆ ಬೇರೆ ಸೌತೆಬಳ್ಳಿ ಇರಕೂಡದು ಎಂಬುದು ಕಂಪನಿಯ ಕಟ್ಟಪ್ಪಣೆ. ಆ ಅಪ್ಪಣೆಗೆ ಕೈಕಾಲು ಮೂಡಿದ ಹಾಗೆ ಇದ್ದವನು ನಮ್ಮ ಮಾವ.

ಬೆಳಿಗ್ಗೆ ಎದ್ದು ಮುಖ ತೊಳೆದವನೇ ಹಿತ್ತಿಲು ತಿರುಗಲು ಹೊರಡುತ್ತಿದ್ದ. ಬಾಗಿಲು ತಟ್ಟುವ ಅಭ್ಯಾಸ ಇರಲಿಲ್ಲ. ಬಟ್ಟೆ ಒಗೆಯುವವರ ಪಕ್ಕದಲ್ಲೇ ಹಾದು, ಬೇಲಿಯ ಎಲೆ ಸರಿಸಿ, ನೀರಿನ ಡ್ರಮ್ಮಿನ ಹಿಂದೆ ಇಣುಕಿ, ಕೋಳಿಗೂಡಿನ ಮೇಲೆ ಹಬ್ಬಿದ್ದು ಕುಂಬಳವೋ ಸೌತೆಯೋ ಎಂದು ಎಲೆ ಮೂಸಿ ನೋಡುತ್ತಿದ್ದ. ಸೌತೆಯಾದರೆ ಬುಡಸಮೇತ ಕಿತ್ತು ಹೆಗಲ ಮೇಲೆ ಹಾಕಿಕೊಂಡು ಹೊರಟನೆಂದರೆ, ಹಿಂದಿನಿಂದ ಯಾರು ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಇದರಿಂದ ನಮ್ಮೂರಿಗೆ ಒಂದು ವಿಚಿತ್ರ ಗತಿ ಬಂದಿತ್ತು. ನಾಡಿಗೆಲ್ಲ ಸೌತೆಬೀಜ ಕೊಡುವ ನಾವು, ಒಂದು ಸೌತೆಕಾಯಿಗೆ ಉಪ್ಪು ಹಚ್ಚಿ ತಿನ್ನಬೇಕೆಂದರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕಿತ್ತು.

ಮಾವನಿಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅವನೂ ಅಮ್ಮನೂ ಚಿಕ್ಕವರಿದ್ದಾಗ ನಮ್ಮ ಅಜ್ಜ ಪೇಟೆಯ ಅಂಗಡಿಯಿಂದ ಸೌತೆಬೀಜ ತಂದು ಇದ್ದ ಹೊಲಕ್ಕೆಲ್ಲ ಹಾಕಿದ್ದನಂತೆ. ಬಳ್ಳಿ ಚೆನ್ನಾಗಿಯೇ ಬಂತು, ಕಾಯಿ ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಡೊಂಕು, ಒಂದು ಡೊಳ್ಳು, ಒಂದು ಬಾಯಿಗಿಟ್ಟರೆ ವಿಷದಂಥ ಕಹಿ. ಪೇಟೆಯ ವ್ಯಾಪಾರಿಗಳು ನಕ್ಕು ವಾಪಸು ಕಳಿಸಿದರು. ಬೀಜ ಮಾರಿದವನು 'ನಮ್ಮಲ್ಲಿ ತಗೊಂಡಿದ್ದು ಅನ್ನೋದಕ್ಕೆ ಏನು ಗ್ಯಾರಂಟಿ?' ಎಂದ. ಮನೆಯವರೆಲ್ಲ ಆ ಕಾಯಿಯನ್ನೇ ತಿಂದು ತಿಂದು ಸುಸ್ತಾದರಂತೆ. ಅಮ್ಮ ಇದನ್ನು ನಗುತ್ತಲೇ ಹೇಳುತ್ತಾಳೆ. ಅಜ್ಜ ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕೂರುವುದನ್ನೇ ಬಿಟ್ಟ ಎನ್ನುವಾಗ ಮಾತ್ರ ನಗುವುದಿಲ್ಲ.

ಹಾಗಾಗಿ ಕಂಪನಿಯ ಕೆಲಸ ಸಿಕ್ಕಾಗ ಮಾವ ಅದನ್ನು ನೌಕರಿ ಎಂದುಕೊಳ್ಳಲಿಲ್ಲ, ತನಗೆ ಯಾರೋ ಪೊಲೀಸ್ ಠಾಣೆ ಬರೆದುಕೊಟ್ಟಿದ್ದಾರೆ ಎಂದುಕೊಂಡ. ಅವನ ಕೈಯಲ್ಲಿ ಕೆಂಪು ಬಾವುಟಗಳ ಕಟ್ಟು ಇರುತ್ತಿತ್ತು. ಯಾರದಾದರೂ ಹೊಲದ ಬೀಜ ಕಲಬೆರಕೆಯಾಗಿದೆ ಎನಿಸಿದರೆ ಬದುವಿನ ಮೇಲೆ ಒಂದು ಬಾವುಟ ನೆಡುತ್ತಿದ್ದ. ಬಾವುಟ ಬಿತ್ತೆಂದರೆ ಆ ಬೆಳೆ ಕಂಪನಿಗೆ ಬೇಡ, ಹೆಣ್ಣು ಸಾಲಿನ ಬಳ್ಳಿಗಳನ್ನೆಲ್ಲ ಕಾಯಿಸಮೇತ ಕಿತ್ತು ಹಾಕಬೇಕು.

ಹೋದ ವರ್ಷ ಅವನು ಬಾವುಟ ನೆಟ್ಟದ್ದು ನಮ್ಮ ಹೊಲದಲ್ಲಿ.

ನಮ್ಮ ಬಾವಿಯ ಹಿಂದೆ, ಯಾರೂ ಬಿತ್ತದ ಒಂದು ಸೌತೆಬಳ್ಳಿ ತಾನಾಗಿ ಹುಟ್ಟಿ ಹೂ ಬಿಟ್ಟಿತ್ತು. ಕಂಪನಿಯ ಶೆಡ್ಡಿನಲ್ಲಿ ಬೆಳೆಗಾರರನ್ನೆಲ್ಲ ಕೂರಿಸಿ ಮಾವ ಗಂಟಲು ಹರಿಯುವ ಹಾಗೆ ಹೇಳಿದ: "ಅಕ್ಕ ಆದ್ರೇನು, ಅಮ್ಮ ಆದ್ರೇನು, ಕಲಬೆರಕೆ ಕಲಬೆರಕೇನೇ!" ಅಮ್ಮ ಎದ್ದು ಬಂದಳು. ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು. ದಾರಿಯಲ್ಲಿ ಎದುರಾದರೆ ಅವನ ತಲೆಯ ಮೇಲೆ ಹಾದು ಹೋಗುವ ಕಾಗೆಯನ್ನು ನೋಡುತ್ತಿದ್ದಳು, ಕಾಗೆ ಇಲ್ಲದಿದ್ದರೂ.

ಇಂಥ ಮಾವ ಈ ವರ್ಷ, ಕೊಯ್ಲಿನ ಮುಂಚಿನ ತಪಾಸಣೆಗೆ ಕಂಪನಿಯ ದೊಡ್ಡ ಸಾಹೇಬರು ಬರುವ ಹಿಂದಿನ ಸಂಜೆ, ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತ. ಅಮ್ಮ ಎಮ್ಮೆಯ ಹಿಂಡಿ ಕಲಸುತ್ತಿದ್ದಳು. ತಲೆ ಎತ್ತದೆ ನನಗೆ ಹೇಳಿದಳು: "ಅವರಿಗೆ ಏನಾಗಬೇಕಂತೆ ಕೇಳು."

"ಏನಾಗಬೇಕು ಮಾವ?" ಎಂದೆ. ಮಾವನಿಗೂ ಅಮ್ಮನಿಗೂ ನಡುವೆ ಇದ್ದದ್ದು ಒಂದು ಬಕೆಟ್ಟಿನಷ್ಟು ದೂರ.

"ನಿಮ್ಮಮ್ಮಂಗೆ ಹೇಳು," ಎಂದ ಮಾವ. ಅವನ ದನಿ ಅವನದೇ ಅನ್ನಿಸಲಿಲ್ಲ. "ನಮ್ಮ ತಿಪ್ಪೇಲಿ ಸೌತೆಬಳ್ಳಿ ಇದೆ. ಹೂ ಬಿಟ್ಟಿದೆ."

"ಅಮ್ಮಾ, ಮಾವನ ತಿಪ್ಪೇಲಿ..."

"ನಂಗೇನು ಕಿವುಡಾ?" ಎಂದು ಅಮ್ಮ ಕೈ ಕೊಡವಿಕೊಂಡು ಎದ್ದಳು. ಹಿಂಡಿಯ ಕೈಯಲ್ಲೇ ನಡೆದಳು. ನಾವಿಬ್ಬರೂ ಹಿಂದೆ ಹೋದೆವು.

ಮಾವನ ಮನೆಯ ತಿಪ್ಪೆ ಬಚ್ಚಲಿನ ಹಿಂದೆ, ಮುರಿದ ಮಂಚದ ಮರೆಯಲ್ಲಿತ್ತು. ಊರವರ ಹಿತ್ತಿಲಿಗೆಲ್ಲ ಮೂಗು ತೂರಿಸಿದ ಮನುಷ್ಯ ತನ್ನ ಬಚ್ಚಲಿನ ಹಿಂದಕ್ಕೆ ಹೋದದ್ದು ಅವತ್ತೇ ಮೊದಲು. ಅಲ್ಲಿ ಬಳ್ಳಿ ರಾಜಗಾಂಭೀರ್ಯದಿಂದ ಹಬ್ಬಿತ್ತು. ಗೊಬ್ಬರ ತಿಂದು ತಿಂದು ಎಲೆಗಳು ತಟ್ಟೆಯಷ್ಟಾಗಿದ್ದವು. ಹಳದಿ ಹೂಗಳ ತುಂಬ ಜೇನುನೊಣಗಳು. ಎರಡು ಕಾಯಿ ಆಗಲೇ ಹಣ್ಣಾಗಿ ಒರಗಿದ್ದವು, ಅಂದರೆ ನೊಣಗಳ ಓಡಾಟ ನಿನ್ನೆ ಮೊನ್ನೆಯದಲ್ಲ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ನಾನೇನೂ ಬಿತ್ತಿಲ್ಲ ಕಣ್ರೀ. ಪೇಟೆಯಿಂದ ಕಾಯಿ ತಂದಿದ್ದೆ, ಅದರಲ್ಲೊಂದು ಬಲಿತು ಹಳದಿಯಾಗಿತ್ತು, ಬಿಸಾಕಿದೆ. ಇವರೇ ಅವತ್ತು ಹೇಳಿದ್ರು, 'ಆಹಾ, ಇದು ನಮ್ಮ ಬೀಜದ್ದೇ ಕಾಯಿ, ನೋಡಿದ್ರೆ ಗೊತ್ತಾಗುತ್ತೆ' ಅಂತ."

ನಮ್ಮೂರಿನ ಬೀಜ ಎಲ್ಲೋ ಹೋಗಿ, ಯಾರದೋ ಹೊಲದಲ್ಲಿ ಬೆಳೆದು, ಪೇಟೆಗೆ ಬಂದು, ಬಸ್ಸಿನಲ್ಲಿ ಕೂತು, ಹುಟ್ಟಿದ ಊರಿನ ಮಾನ ಕಳೆಯಲು ಮಾವನ ತಿಪ್ಪೆಗೇ ವಾಪಸಾಗಿತ್ತು. ಹೈಬ್ರಿಡ್ ಕಾಯಿಯ ಬೀಜ ಮತ್ತೆ ಹುಟ್ಟಿದರೆ ಅಪ್ಪ ಅಮ್ಮನ ಹಾಗಿರುವುದಿಲ್ಲ, ಮನಬಂದ ಹಾಗೆ ಹುಟ್ಟುತ್ತದೆ. ಮೊದಲು ನಕ್ಕದ್ದು ಅಮ್ಮ. ಹೊಟ್ಟೆ ಹಿಡಿದುಕೊಂಡು, ಮುರಿದ ಮಂಚದ ಮೇಲೆ ಕೂತು ನಕ್ಕಳು. ಅವಳು ಹಾಗೆ ನಕ್ಕು ವರ್ಷವಾಗಿತ್ತು. ನನಗೂ ತಡೆಯಲಾಗಲಿಲ್ಲ.

ಆಮೇಲೆ ಅವಳ ನಗು ನಿಂತಿತು. ತಿಪ್ಪೆಯ ಆಚೆಗೆ ತಂತಿಬೇಲಿ, ಬೇಲಿಯ ಆಚೆಗೆ ನಮ್ಮದೇ ಹೊಲ. ಉಳಿದವರ ಹೊಲಗಳೆಲ್ಲ ಹಳ್ಳದ ಆಚೆ, ಕಿಲೋಮೀಟರಿಗಿಂತ ದೂರದಲ್ಲಿದ್ದವು. ಮಾವ ನಿಯಮ ಹಿಡಿದರೆ ಬಾವುಟ ಬೀಳುವುದು ಮತ್ತೆ ನಮಗೇ. ಬಾಯಿ ಮುಚ್ಚಿಕೊಂಡು ಬಳ್ಳಿ ಕಿತ್ತು ಬಚ್ಚಲೊಲೆಗೆ ಹಾಕಿದರೆ ನಮ್ಮ ಬೆಳೆ ಉಳಿಯುತ್ತದೆ, ಅವನ ಮಾನವೂ ಉಳಿಯುತ್ತದೆ.

"ಕಿತ್ತುಬಿಡು ಮಾವ," ಎಂದೆ. ನನಗೆ ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. "ನಾವು ನಾಲ್ಕು ಜನ ಬಿಟ್ರೆ ಯಾರಿಗೆ ಗೊತ್ತು?"

ಮಾವ ಅಮ್ಮನ ಮುಖ ನೋಡಿದ. ಅಮ್ಮ ನನಗೆ ಹೇಳಿದಳು: "ಅವರು ಏನು ಮಾಡ್ತಾರೋ ಮಾಡಲಿ. ನಾನು ಕೇಳಲ್ಲ, ಬೇಡಲ್ಲ." ಹೊರಟುಹೋದಳು.

ಬೆಳಿಗ್ಗೆ ಶೆಡ್ಡಿನಲ್ಲಿ ಬೆಳೆಗಾರರೆಲ್ಲ ಸೇರಿದರು. ದೊಡ್ಡ ಸಾಹೇಬರು ಕಾರಿನಿಂದ ಇಳಿದು, ಫ್ಯಾನಿನ ಕೆಳಗಿನ ಕುರ್ಚಿಯನ್ನೇ ಆರಿಸಿ ಕೂತರು. ಒಳ್ಳೆಯ ಮನುಷ್ಯ, ಎಲ್ಲರಿಗೂ ಟೀ ಹೇಳಿದರು. ಮಾವ ಎದ್ದು ನಿಂತ. ಹೋದ ವರ್ಷದ ಅದೇ ಗಂಟಲಿನಲ್ಲಿ ಹೇಳಿದ: "ನನ್ನ ಮನೆ ತಿಪ್ಪೇಲಿ ಸೌತೆಬಳ್ಳಿ ಹೂ ಬಿಟ್ಟಿದೆ. ನಾನು ನೋಡಿಲ್ಲ, ತಪ್ಪು ನಂದು. ಪಕ್ಕದ ಹೊಲ ನಮ್ಮ ಅಕ್ಕಂದು. ಆ ಹೊಲಕ್ಕೆ ಬಾವುಟ ನೆಡ್ತಾ ಇದ್ದೀನಿ."

 ಹಿಂದಿನ ಸಾಲಿನಿಂದ ಹೆಂಗಸರ ನಗು ಶುರುವಾಯಿತು, ಶಿಳ್ಳೆಯೂ ಬಿತ್ತು. 'ಕಿಲೋಮೀಟರ್ ಸಾಹೇಬ್ರೇ, ನಿಮ್ಮ ಬಚ್ಚಲಿಗೆ ಎಷ್ಟು ಕಿಲೋಮೀಟರು?' ಎಂದು ಯಾರೋ ಕೂಗಿದರು. ಮಾವ ಅಲುಗಾಡದೆ ನಿಂತ. ಅವನನ್ನು ನೋಡಿ ನನಗೆ ಮೊದಲ ಸಲ ಅಯ್ಯೋ ಅನ್ನಿಸಿತು.

ಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಅಯ್ಯೋ, ಪರವಾಗಿಲ್ಲ ಬಿಡ್ರೀ. ಒಂದು ಬಳ್ಳಿಗೆಲ್ಲ ಇಷ್ಟು ತಲೆ ಕೆಡಿಸ್ಕೋಬೇಡಿ. ಈ ವರ್ಷ ಗೋಡೌನ್ ಖಾಲಿ, ಎಲ್ಲಾ ಕಡೆಯಿಂದ ಬೀಜ ಬೀಜ ಅಂತಿದ್ದಾರೆ. ಅಡ್ಜಸ್ಟ್ ಮಾಡಿ. ಬಾವುಟ ಒಳಗಿಡಿ."

"ಹೋದ ವರ್ಷ?" ಎಂದ ಮಾವ.

"ಹೋದ ವರ್ಷ ಗೋಡೌನ್ ತುಂಬಿತ್ತಲ್ರೀ," ಎಂದರು ಸಾಹೇಬರು, ಮಳೆ ಬಂದಿತ್ತಲ್ಲ ಎನ್ನುವಷ್ಟೇ ಸಲೀಸಾಗಿ. ಟೀ ಕುಡಿದರು.

 ಇಷ್ಟು ವರ್ಷ ಮಾವ ತಾನು ಕಾಯುತ್ತಿದ್ದದ್ದು ಬೀಜದ ಕುಲ ಎಂದುಕೊಂಡಿದ್ದ. ಹೋದ ವರ್ಷ ಅಕ್ಕನನ್ನು ಕಳೆದುಕೊಂಡದ್ದೂ ಅದಕ್ಕೇ ಎಂದುಕೊಂಡಿದ್ದ. ಬಾವುಟ ಹಿಡಿದ ಕೈ ಕೆಳಗಿಳಿಯಿತು. ಸದ್ಯ, ಬೆಳೆ ಉಳಿಯಿತು ಎಂದು ನಾನು ಮನಸ್ಸಿನಲ್ಲೇ ಸಾಹೇಬರಿಗೆ ಕೈ ಮುಗಿದೆ. ಸುಳ್ಳು ಯಾಕೆ ಹೇಳಲಿ, ನಮ್ಮ ಎಮ್ಮೆ ಹಟ್ಟಿಗೆ ಹೊಸ ಚಾವಣಿ ಹಾಕಿಸುವ ಲೆಕ್ಕಾಚಾರವೂ ಅಷ್ಟರಲ್ಲಿ ಆಗಿಹೋಗಿತ್ತು.

ಅಮ್ಮ ಎದ್ದಳು. ಸಾಹೇಬರನ್ನು ನೋಡಲೂ ಇಲ್ಲ. ನೇರ ತಮ್ಮನ ಹತ್ತಿರ ಹೋಗಿ, ವರ್ಷದ ಮೇಲೆ ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಅಪ್ಪ ಅವತ್ತು ಬಿತ್ತಿದ್ದೂ ಹಿಂಗೇ ಯಾರೋ 'ಪರವಾಗಿಲ್ಲ' ಅಂದ ಬೀಜಾನೇ ಅಲ್ವೇನೋ?"

ಮಾವ ಹೌದೆಂದು ತಲೆ ಆಡಿಸಿದ.

"ಹಂಗಾದ್ರೆ ನೆಡು ಬಾವುಟ. ಯಾಕೆ ನಿಂತಿದ್ದೀಯಾ?"

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ನೋಡಮ್ಮಾ, ನಷ್ಟ ನಿಮಗೇ. ನಾವು ತಗೋತೀವಿ ಅಂತಿದ್ದೀವಲ್ಲ."

"ನೀವು ತಗೋತೀರಿ ಸ್ವಾಮಿ, ನಿಮಗೇನು! ಬಿತ್ತೋನು ನೀವಲ್ವಲ್ಲ," ಎಂದಳು ಅಮ್ಮ. "ನಮ್ಮನೇಲಿ ಎಮ್ಮೆ ಇದೆ, ಹಾಲು ಕರೀತದೆ, ಸಾಯಲ್ಲ ನಾವು." ಮತ್ತೆ ತಮ್ಮನ ಕಡೆ ತಿರುಗಿದಳು. "ಆದ್ರೆ ಒಂದು ಮಾತು. ಹೋದ ವರ್ಷ ನೀನು ಬಾವುಟ ನೆಟ್ಟು ಹೋದೆ, ಅಷ್ಟೂ ಬಳ್ಳಿ ನಾನೊಬ್ಬಳೇ ಕಿತ್ತೆ. ಈ ಸಲ ನೀನೂ ಕೀಳಬೇಕು."

ನಾನು ಅಮ್ಮನ ಸೆರಗು ಜಗ್ಗಿದೆ. ಅವಳು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಈ ವಂಶಕ್ಕೇ ಬುದ್ಧಿ ಇಲ್ಲ ಎಂದು ನಾನು ಅವತ್ತು ಬೈದುಕೊಂಡೆ, ಇವತ್ತಿಗೂ ಆಗಾಗ ಬೈದುಕೊಳ್ಳುತ್ತೇನೆ. ಚಾವಣಿ ಇನ್ನೂ ಸೋರುತ್ತದೆ. ಆದರೆ ಶೆಡ್ಡಿನಿಂದ ಅವರಿಬ್ಬರೂ ಜೊತೆಯಾಗಿ ಹೊರಬಿದ್ದಾಗ, ಅಷ್ಟು ಹೊತ್ತು ನಗುತ್ತಿದ್ದ ಹೆಂಗಸರು ಎದ್ದು ದಾರಿ ಬಿಟ್ಟದ್ದನ್ನು ನೋಡಿ ನನಗೆ ಹೆಮ್ಮೆಯಾಗಿದ್ದೂ ನಿಜ.

ಹಿತ್ತಿಲಿನ ಒಂದೊಂದು ಬಳ್ಳಿ ಕೀಳುವುದು ಬೇರೆ, ಇಡೀ ಹೊಲ ಕೀಳುವುದು ಬೇರೆ. ಸೌತೆಬಳ್ಳಿಯ ಸುಂಕು, ಆ ಸಣ್ಣ ಮುಳ್ಳುಗೂದಲು, ಚರ್ಮಕ್ಕೆ ತಾಗಿದರೆ ಉರಿಯುತ್ತದೆ, ಬಳ್ಳಿ ಹಬ್ಬಿಸಿದ ತಂತಿಗೆ ಸುತ್ತಿಕೊಂಡ ಕುಡಿ ಎಳೆದರೆ ಬೆರಳು ಕತ್ತರಿಸುತ್ತದೆ. ಬಲಿತ ಕಾಯಿಗಳು ದಪದಪ ಉದುರುತ್ತಿದ್ದವು. ಅಮ್ಮ ಒಂದು ಸಾಲು, ಮಾವ ಒಂದು ಸಾಲು, ಹಿಂದೆ ನಾನು ಗೊಣಗುತ್ತ ರಾಶಿ ಹಾಕುತ್ತ ಹೋದೆವು. ನಡುಹೊಲಕ್ಕೆ ಬಂದಾಗ ಮಾವ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಅಂಗೈ ಎರಡೂ ಕೆಂಪಾಗಿದ್ದವು. ಆ ಕೈಗಳನ್ನೇ ನೋಡುತ್ತ, ಮಕ್ಕಳ ಹಾಗೆ ಬಿಕ್ಕಿದ.

"ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಅಕ್ಕಾ."

ಅಮ್ಮ ತನ್ನ ಸಾಲು ಬಿಟ್ಟು ಅವನ ಸಾಲಿಗೆ ಬಂದಳು. ಅವನ ಮುಂದಿದ್ದ ಬಳ್ಳಿಯನ್ನು ತಾನೇ ಕಿತ್ತಳು.

"ಅಳು, ಬೇಡ ಅನ್ನಲ್ಲ," ಎಂದಳು. "ಕೈ ಮಾತ್ರ ನಿಲ್ಲಿಸ್ಬೇಡ. ಇನ್ನೂ ಅರ್ಧ ಹೊಲ ಇದೆ."