ತೊಳೆಯುವ ಮನೆಯ ಮೇಜು

ಡಿಗ್ರಿ ಮುಗಿಯುವವರೆಗೂ ನನಗೊಂದು ಮೇಜು ಇರಲಿಲ್ಲ. ಬಳಗಾನೂರಿನ ಮನೆಯಲ್ಲಿ ನೆಲದ ಮೇಲೆ ಬೋರಲು ಮಲಗಿ ಬರೆದೆ. ಹಾಸ್ಟೆಲ್ಲಿನಲ್ಲಿ ತಗಡಿನ ಟ್ರಂಕು ಮುಂದಿಟ್ಟುಕೊಂಡು ಬರೆದೆ. ಅದರ ಮುಚ್ಚಳದ ಉಬ್ಬುಗೆರೆಗೆ ಪೆನ್ನು ತಾಗಿ ಅಕ್ಷರಗಳು ಎಡವುತ್ತಿದ್ದವು. ಹಾಗೆ ಎಡವುತ್ತಲೇ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳಾದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸಿಂಧನೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ, ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದು, ಅವ್ವನನ್ನು ಕರೆತಂದೆ. ಮೊದಲು ಕೊಂಡದ್ದು ಮೇಜು. ಗಾಜಿನ ಮುಂಭಾಗದ ದೊಡ್ಡ ಫರ್ನಿಚರ್ ಅಂಗಡಿಯಿಂದ ಅದು ರಟ್ಟಿನ ಪೆಟ್ಟಿಗೆಯಲ್ಲಿ ತುಂಡು ತುಂಡಾಗಿ ಬಂತು. ಅಂಗಡಿಯವನೊಬ್ಬ ಬಂದು, ಚಹಾ ಆರುವುದರೊಳಗೆ ಜೋಡಿಸಿ ಹೋದ. ಬಿಳಿ ಬಣ್ಣ, ಕನ್ನಡಿಯಂಥ ನುಣುಪು. ನಾನು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು.

ನನಗೂ ಅವಳಿಗೂ ಹೊಳೆಯದ ಮಾತು ಒಂದಿತ್ತು. ನಮ್ಮದು ತೊಳೆಯುವ ಮನೆ. ಅವ್ವ ನಲವತ್ತು ವರ್ಷ ಭತ್ತದ ನಾಟಿ ಮಾಡಿದವಳು, ಮೊಣಕಾಲವರೆಗೆ ನೀರಲ್ಲಿ ನಿಂತವಳು. ಒದ್ದೆ ಬಟ್ಟೆಯಿಂದ ನೆಲ ಸವರುವುದು ಅವಳ ಲೆಕ್ಕದಲ್ಲಿ ಮೈಗಳ್ಳರ ಕೆಲಸ. ವಾರಕ್ಕೊಮ್ಮೆ, ಶುಕ್ರವಾರ, ಒಳಗಿನ ಕೋಣೆಯಿಂದ ಶುರುಮಾಡಿ ಕೊಡಗಟ್ಟಲೆ ನೀರು ಸುರಿದು, ಕಸಬರಿಗೆಯಿಂದ ತಳ್ಳುತ್ತ ತಳ್ಳುತ್ತ ಹೊಸ್ತಿಲು ದಾಟಿಸಿದರೇ ಅವಳಿಗೆ ಸಮಾಧಾನ. ಹೊಸ ಮೇಜಿಗೆ ಕಾಲುಗಳಿರಲಿಲ್ಲ. ಎರಡೂ ಕಡೆ ಅಗಲ ಹಲಗೆಗಳು ನೆಲಕ್ಕೇ ಕೂತಿದ್ದವು. ಕೆಲವೇ ಶುಕ್ರವಾರಗಳೊಳಗೆ ಅವುಗಳ ಅಂಚು ಉಬ್ಬಿತು. ಯುಗಾದಿಯ ಹಿಂದಿನ ದಿನ ಇಡೀ ಮನೆ ತೊಳೆದಳು. ಸಂಜೆ ನಾನು ಶಾಲೆಯಿಂದ ಬಂದಾಗ ಮೇಜು ಒಂದು ಬದಿಗೆ ವಾಲಿತ್ತು. ಮೇಲಿನ ಬಿಳಿ ಹಾಳೆ ಸುಲಿದು, ಒಳಗಿನ ಕಟ್ಟಿಗೆಯ ಹೊಟ್ಟು ನೆಲದ ಮೇಲೆ ಗಂಜಿಯಾಗಿ ಹರಡಿತ್ತು. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು.

"ಯವ್ವಾ, ನಾ ಬರೇ ನೀರು ಹಾಕೀನಿ. ಅದು ನೋಡಿದ್ರ ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿದಂಗ ಉಬ್ಬೇತಿ."

ಅಂಗಡಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದವನು ನಕ್ಕ.

"ಇದಕ್ಕ ನೀರು ತಾಗಸ್ತಾರೇನ್ರಿ ಮೇಡಂ? ಎರಡು ಮೂರು ವರ್ಷ ಬಂದ್ರ ಸಾಕ್ರಿ. ಬ್ಯಾಸರಾತು, ಒಗೀರಿ, ಹೊಸಾದು ತಗೋರಿ."

ಒಗೆಯಿರಿ, ಅಂದರೆ ಎಸೆದುಬಿಡಿ, ಎಂಬ ಮಾತು ನನಗೆ ನಾಟಿತು. ನಮ್ಮ ಮನೆಯಲ್ಲಿ ಸೀರೆ ಹರಿದರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಕಾಲೊರಸಾಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ನೋವಾದದ್ದು ಅವ್ವ ತೊಳೆಯುವುದನ್ನು ಬಿಟ್ಟಾಗ. ಹಿಂಡಿದ ಬಟ್ಟೆ ಹಿಡಿದು, ಗೋಡೆಯ ಬದಿಯಲ್ಲಿ ಕಳ್ಳಿಯ ಹಾಗೆ ಸರಿದಾಡತೊಡಗಿದಳು. ಫ್ಯಾನಿನ ಸ್ವಿಚ್ಚು ಮುಟ್ಟಲೂ ನನ್ನನ್ನು ಕೇಳುವಳು.

"ನಾ ಕೆಸರಾಗ ದುಡಿದಾಕಿ. ನಿನ್ನ ಸಾಮಾನು ನನಗ ಹೊಂದಂಗಿಲ್ಲ. ಊರಿಗೆ ಹೋಗಿಬಿಡ್ತೀನಿ ಬಿಡವ್ವ" ಎಂದಳು ಒಂದು ದಿನ.

ಅವಳಿಗಾಗಿ ಹಿಡಿದ ಮನೆಯಲ್ಲಿ ಅವಳೇ ಬಾಡಿಗೆಗಿದ್ದವಳಂತಾಗಿದ್ದಳು. ಅದೂ ಹೊಟ್ಟಿನ ಹಲಗೆಯೊಂದರ ದೆಸೆಯಿಂದ. ಅವ್ವನಿಗೆ ಹೊಂದುವ ಮೇಜು ಬರಬೇಕು, ಮೇಜಿಗೆ ಅವ್ವ ಹೊಂದುವುದಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ತರಬೇತಿಗೆಂದು ಮಸ್ಕಿಗೆ ಹೋದಾಗ ರಸ್ತೆ ಬದಿಯಲ್ಲಿ ಒಬ್ಬ ಬಡಿಗೇರರ ಅಂಗಳ ಕಂಡಿತು. ಗೋಡೆಗೆ ಹಳೆಯ ಬಂಡಿಯ ಗಾಲಿಗಳು ಆನಿಸಿದ್ದವು. ಒಂದು ಕಾಲದಲ್ಲಿ ಬಂಡಿ, ಕೂರಿಗೆ ಮಾಡುತ್ತಿದ್ದ ಮುದುಕ. ಈಗ ಬಾಗಿಲು, ಮಂಚ. ಫೋನಿನಲ್ಲಿ ನನ್ನ ಬಿಳಿ ಮೇಜಿನ ಫೋಟೊ ತೋರಿಸಿ, ಇಂಥದ್ದೇ ಬೇಕು ಎಂದೆ.

ಅವರು ಫೋನನ್ನು ದೂರ ಹಿಡಿದು ನೋಡಿದರು. "ಇದಕ್ಕ ಕಾಲೆಲ್ಲಿ ಅದಾವ್ರಿ? ಕೂಸು ಅಂಬೆಗಾಲು ಮರ್ತು ನೆಲಕ್ಕ ಹೊಟ್ಟಿ ಹಚ್ಚಿ ಮಲಗಿದಂಗೈತಿ." ಆಮೇಲೆ ಕೇಳಿದರು: "ನಿಮ್ಮ ಮನ್ಯಾಗ ನೆಲ ಒರಸ್ತೀರೋ, ತೊಳಿತೀರೋ?"

ಇಷ್ಟು ಓದಿದ ನಾನು ಅಂಗಡಿಯಲ್ಲಿ ಕೇಳಬೇಕಿದ್ದ ಪ್ರಶ್ನೆ ಅದೇ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಹಿತ್ತಲ ಬಾವಿಗೆ ಕರೆದೊಯ್ದರು. ಹಸಿರು ನೀರಿನಲ್ಲಿ ಜಾಲಿಯ ದಿಮ್ಮಿಗಳು ಎಮ್ಮೆಗಳ ಹಾಗೆ ಮುಳುಗಿ ಮಲಗಿದ್ದವು.

"ಹೋದ ಮಳೆಗಾಲದಿಂದ ಕುಡಿಯಾಕತ್ತಾವ. ಹಿಂಗ ನೆನೆಸಿದ್ರ ಹುಳ ಬೀಳಂಗಿಲ್ಲ. ಇನ್ನ ಮ್ಯಾಲೆ ತಗದು ನೆರಳಾಗ ಒಣಗಸ್ಬೇಕು. ಅವಸರ ಇದ್ರ ಬ್ಯಾರೆ ಕಡೆ ಹೋಗ್ರಿ. ಇಲ್ಲಾಂದ್ರ ಒಂದು ಭತ್ತದ ಬೆಳಿ ಬರೋತನಾ ತಡೀರಿ. ಮತ್ತ, ತೊಳಿಯೋರನ್ನ ಒಮ್ಮೆ ಕರ್ಕೊಂಡು ಬರ್ರಿ. ಕಸಬರಿಗಿ ಸಮೇತ."

ಮುಂದಿನ ಭಾನುವಾರ ಅವ್ವನೂ ನಾನೂ ಕಸಬರಿಗೆಯೂ ಬಸ್ಸು ಹತ್ತಿದೆವು. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಲು ನೋಡಿದಳು. ಅದು ಮುಚ್ಚುವ ವಸ್ತುವೇ? ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ: "ಏನ್ ಬೇ ಯವ್ವಾ, ಮಸ್ಕಿ ಬಸ್ ಸ್ಟ್ಯಾಂಡ್ ಕಸ ಹೊಡಿಯಾಕ ಹೊಂಟೀಯೇನು?"

"ಮೊದಲ ನಿನ್ನ ಬಸ್ ಹೊಡೀಬೇಕಪ್ಪ. ಸೀಟಿನ ಕೆಳಗ ನೋಡು, ಸೇಂಗಾ ಸಿಪ್ಪಿ ಬೆಳಿ ಬಂದೇತಿ" ಎಂದಳು ಅವ್ವ.

ಬಸ್ಸಿಗೆ ಬಸ್ಸೇ ನಕ್ಕಿತು. ಎಷ್ಟೋ ದಿನಗಳ ನಂತರ ನನ್ನ ಹಳೆಯ ಅವ್ವನ ದನಿ ಕೇಳಿದ್ದೆ.

ಬಡಿಗೇರರು ಅವಳನ್ನು ಅಂಗಳದಲ್ಲಿ ನಿಲ್ಲಿಸಿ, ದಿನಾ ಕಸ ಹೊಡೆಯುವಂತೆ ಕಸಬರಿಗೆ ಆಡಿಸಲು ಹೇಳಿದರು. ಅವಳ ಮುಂಗೈ, ಕಸಬರಿಗೆಯ ಹಿಡಿ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತವೆಂದು ಹುರಿಯಿಂದ ಅಳೆದು ಗಂಟು ಹಾಕಿಕೊಂಡರು. ನೀರು ಎಲ್ಲಿತನಕ ಏರುತ್ತದೆ ಎಂದು ಕೇಳಿದರು. ಅವ್ವ ಕಾಲ್ಗಡಗದ ಹತ್ತಿರ ಬೆರಳಿಟ್ಟಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೊಣಕೈ ಎತ್ತರಕ್ಕೆ ಇನ್ನೊಂದು ಗಂಟು. ಒಂದೇ ಹುರಿಯಲ್ಲಿ ಇಬ್ಬರೂ ಇದ್ದೆವು.

ಆಮೇಲೆ ಕಾಯುವ ಕಾಲ. ನಾನು ಮತ್ತೆ ಟ್ರಂಕಿನ ಮೇಲೆ ಉತ್ತರಪತ್ರಿಕೆ ತಿದ್ದಿದೆ. ಅದೇ ಗಾಜಿನ ಅಂಗಡಿಯಿಂದ ಎರಡು ಸಲ ಮೇಜು ಬದಲಿಸಿದ್ದ ನಮ್ಮ ಗಣಿತದ ಸರ್ ಸ್ಟಾಫ್ ರೂಮಿನಲ್ಲಿ ದಿನಾ ಕೆಣಕುವರು: "ಏನ್ರಿ ಮೇಡಂ, ನಿಮ್ಮ ಮೇಜಿನ ಗಿಡ ಚಿಗತೇತೇನು?"

"ಹೂ ಬಿಟ್ಟೈತ್ರಿ ಸರ್, ಕಾಯಿ ಆಗಬೇಕು."

ಕಾಲುವೆಗೆ ನೀರು ಬಿಟ್ಟು, ನಾಟಿ ಮುಗಿದು, ಗದ್ದೆಗಳು ಹಳದಿಯಾಗಿ, ಕಟಾವಿನ ಯಂತ್ರಗಳು ರಸ್ತೆಗಿಳಿದ ವಾರ ಫೋನು ಬಂತು. ಮೇಜು ಗೂಡ್ಸ್ ಆಟೊದಲ್ಲಿ ಬಂತು, ಇಳಿಸಲು ನಾಲ್ವರು ಬೇಕಾದರು. ಕಡುಕಂದು ಬಣ್ಣದ ಜಾಲಿ. ನಾಲ್ಕು ಗಟ್ಟಿ ಕಾಲು, ಎಲ್ಲೂ ಮೊಳೆಯಿಲ್ಲ, ಬಂಡಿಗೆ ಹಾಕುವಂಥ ಕಟ್ಟಿಗೆಯ ಬೆಣೆಗಳು. ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ ಮಾತ್ರ ಹಿಂಬದಿಗೆ, ಸಾಕಷ್ಟು ಮೇಲೆ. "ಮುಂದ ಹಾಕಿದ್ರ ನಿಮ್ಮವ್ವನ ಕಸಬರಿಗಿ ಸಿಗಬೀಳ್ತೈತಿ" ಎಂದು ಬಡಿಗೇರರು ಫೋನಿನಲ್ಲಿ ವಿವರಿಸಿದರು.

ಶುಕ್ರವಾರ ಬಂತು. ಅವ್ವ ಅಭ್ಯಾಸದಂತೆ ಹಿಂಡಿದ ಬಟ್ಟೆ ಹಿಡಿದು ಬಂದಳು. ನಾನು ಬಟ್ಟೆ ಕಸಿದುಕೊಂಡು, ತುಂಬಿದ ಕೊಡ ಅವಳ ಮುಂದಿಟ್ಟೆ.

"ಬ್ಯಾಡ. ಮತ್ತ ಏನರ ಆದ್ರ?"

"ತಿಂಗಳಗಟ್ಟಲೆ ಬಾವ್ಯಾಗ ಇದ್ದದ್ದು ಬೇ ಅದು. ನಿನ್ನ ಒಂದು ಕೊಡಕ್ಕ ಅಂಜತೈತೇನು?"

ಮೊದಲು ಒಂದು ತಂಬಿಗೆ, ದೂರದಿಂದ. ಕೂತು ನೋಡಿದಳು. ಇನ್ನೊಂದು ತಂಬಿಗೆ, ಹತ್ತಿರ. ಕಾಲಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಳು, ನಾಟಿಗೆ ಮುಂಚೆ ಗದ್ದೆಯ ಹದ ನೋಡುವಂತೆ. ಕಲ್ಲಿನ ಹಾಗಿತ್ತು. ಸೀರೆ ಎತ್ತಿ ಸಿಕ್ಕಿಸಿದಳು, ಕೊಡ ಎತ್ತಿದಳು, ಪೂರಾ ಸುರಿದಳು. ನೀರು ಮೇಜಿನ ಕೆಳಗೆ ನುಗ್ಗಿ ಗೋಡೆಗೆ ಬಡಿಯಿತು. ಕಸಬರಿಗೆ ಈ ಕಡೆಯಿಂದ ಹೊಕ್ಕು ಆ ಕಡೆ, ಎಲ್ಲೂ ತಾಗದೆ, ಹೊರಟಿತು. "ಅಬ್ಬಾ, ಹಾದಿ ಬಿಟ್ಟಾನ ನೋಡು ಮುದುಕ!" ಎಂದು ಕೂಗಿದಳು. ಅವತ್ತು ಎಷ್ಟು ತೊಳೆದಳೆಂದರೆ ಪಕ್ಕದ ಮನೆಯವರು ನಳ ಒಡೆದಿದೆಯೇ ಎಂದು ಬಂದು ಕೇಳಿದರು. ಸಂಜೆ ಅವಳೇ ಮೇಜಿಗೆ ಕುಂಕುಮ ಹಚ್ಚಿದಳು. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ಗಣಿತದ ಸರ್ ನೋಡಲು ಬಂದರು. ಒಂದು ತುದಿ ಹಿಡಿದು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತರು. ಚಹಾ ಕುಡಿದ ಮೇಲೆ ಬಡಿಗೇರರ ನಂಬರ್ ಕೇಳಿದರು.

"ಕೊಡ್ತೀನ್ರಿ ಸರ್" ಎಂದೆ. "ಮೊದಲ ಹೇಳ್ರಿ, ನಿಮ್ಮ ಮನ್ಯಾಗ ಒರಸ್ತೀರೋ, ತೊಳಿತೀರೋ?"

"ಅದು ನಮ್ಮ ಮನ್ಯಾಕಿನ್ನ ಕೇಳ್ಬೇಕ್ರಿ."

"ಹಂಗಾದ್ರ ಮಸ್ಕಿಗೆ ಅವರನ್ನ ಕಳಸ್ರಿ."

ಈ ಬರಹವನ್ನೂ ಅದೇ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅಕ್ಷರಗಳು ಎಡವುತ್ತಿಲ್ಲ. ಇವತ್ತು ಶುಕ್ರವಾರ. ಬಾಗಿಲ ಬಳಿ ಕೊಡ ಕುಕ್ಕಿದ ಸದ್ದಾಯಿತು.

"ಕಾಲು ಎತ್ತ ಬೇ, ಮಹಾರಾಣಿ" ಎಂದಳು ಅವ್ವ.

ಎತ್ತಿದೆ. ನೀರು ಬಂತು.