ಸಮುದ್ರದ ನಡುವೆ ನಳದ ಸುದ್ದಿ

ನಿಮ್ಮ ಪ್ರವಾಸದ ತಾರೀಖು ಯಾರು ಗೊತ್ತು ಮಾಡುತ್ತಾರೆ? ಮಕ್ಕಳ ಶಾಲೆಯೇ? ಆಫೀಸಿನ ರಜೆಯೇ? ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅದನ್ನು ಗೊತ್ತು ಮಾಡುವುದು ನಳ.

ನಮ್ಮ ಓಣಿಯಲ್ಲಿ ಇವತ್ತು ನೀರು ಬಂದರೆ ಮತ್ತೆ ಬರುವುದು ವಾರದ ಮೇಲೆಯೇ. ಆ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು. ಆ ಒಬ್ಬರು ಯಾವಾಗಲೂ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. (ಹಾಗಂತ ಯಾರು ನಿರ್ಧರಿಸಿದರು? ಯಾರೂ ಇಲ್ಲ. ಇಂಥವು ಹೇಗೋ ರೂಢಿಯಾಗಿಬಿಡುತ್ತವೆ.) ತಂಗಿಯ ಸೀಮಂತ, ಗೆಳತಿಯರ ಟ್ರಿಪ್, ಎಲ್ಲವೂ ಅವರಿಗೆ ತಪ್ಪಿಹೋದವು. ಸಮುದ್ರ ನೋಡಬೇಕೆಂಬ ಆಸೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಅಂತೂ ಈಚೆಗೆ ಅಣ್ಣ, ವೈನಿ, ನಾನು ಹೊರಟೆವು. ಮುಂದಿನ ಪಾಳಿಯ ನೀರು ಬರುವ ಮೊದಲೇ ವಾಪಸ್ ಬರುವ ಪ್ಲಾನು. ಹೊನ್ನಾವರದಲ್ಲಿ ಬೀಚು, ಅಲ್ಲಿಂದ ಬೋಟಿನಲ್ಲಿ ಬಸವರಾಜದುರ್ಗ. ಕೆಳದಿ ಅರಸರ ಕಾಲದ ಕೋಟೆ ಇರುವ ದ್ವೀಪ ಅದು. ವೈನಿ ಕೋಟೆಯೊಳಗಿನ ಬಾವಿಯನ್ನು ಇಣುಕಿ ನೋಡಿ, ಇಲ್ಲಿದ್ದವರು ಪುಣ್ಯವಂತರು, ಪಾಳಿ ಕಾಯುವ ಕೆಲಸ ಇರಲಿಲ್ಲ ಅಂದರು. ಆಮೇಲೆ ದಡಕ್ಕಿಳಿದು, ಚಪ್ಪಲಿ ಬಿಟ್ಟು ಇನ್ನೇನು ನೀರಿಗೆ ಕಾಲಿಡಬೇಕು, ಫೋನು ಬಂತು.

ಪಕ್ಕದ ಮನೆಯ ಶಬಾನಾ. "ಅಕ್ಕಾರ, ಈ ಸಲ ಪಾಳಿಗಿಂತ ಮೊದಲ ನೀರು ಬಂದಾವ್ರಿ. ನಿಮ್ಮ ಬಾಗಲಾ ತೆಳಗಿಂದ ಹೊರಗ ಹರಿಯಾಕತ್ತಾವು."

ನೀರು ಬಂದದ್ದು ಸಪ್ಪಳದಿಂದಲೇ ಗೊತ್ತಾಗಲಿ ಎಂದು ನಳ ತೆರೆದು, ಕೆಳಗೆ ಖಾಲಿ ಕೊಡ ಇಟ್ಟಿರುವುದು ನಮ್ಮ ಕಡೆಯ ಪದ್ಧತಿ. ಹೊರಡುವ ಗಡಿಬಿಡಿಯಲ್ಲಿ ನಳವನ್ನು ಯಾರೂ ಬಂದ್ ಮಾಡಿರಲಿಲ್ಲ. ಮೂವರೂ ಅದೇ ಬಾಗಿಲಿನಿಂದ ಹೊರಬಿದ್ದವರು. ಆದರೆ ಅಣ್ಣ ಸಿಡುಕಿದ್ದು ವೈನಿಯ ಮೇಲೆ, ನಳ ನೋಡಿ ಬರಲು ಏನಾಗಿತ್ತು ನಿನಗೆ ಎಂದು. ವೈನಿಯ ಕಣ್ಣು ತುಂಬಿದವು. ಚಪ್ಪಲಿ ಮತ್ತೆ ಮೆಟ್ಟಿಕೊಂಡು, ಈಗಲೇ ಊರಿಗೆ ಹೋಗೋಣ ಅಂದರು. ನನಗೆ ಅಣ್ಣನ ಮೇಲೆ ಸಿಟ್ಟು ಬಂತು.

ವೈನಿಯೇ ಶಬಾನಾಗೆ ಬಾಗಿಲಿನ ಬೀಗ ಒಡೆಯಲು ಹೇಳಿದರು. ಆಕೆಯ ಗಂಡ ಬೈಕ್ ಮೆಕ್ಯಾನಿಕ್, ಸಾಮಾನು ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಎಲ್ಲಾ ಕೊಡಾ ತುಂಬೇನ್ರಿ, ಡ್ರಮ್ಮೂ ತುಂಬೇನಿ. ನೀರು ಬಳದು ಮನಿ ಒರಸೇನಿ. ನೀವು ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಆರಾಮ ಸಮುದ್ರ ನೋಡ್ರಿ."

ಅಣ್ಣನ ಮುಖ ಅರಳಿತು. ಬಾ, ಫೋಟೋ ತೆಗೆಯುತ್ತೇನೆ ಅಂದ. ವೈನಿ ಅಲುಗಲಿಲ್ಲ. ಅವರಿಗೆ ಸಮಾಧಾನವಾಗಿದೆ ಅಂತಲೇ ನಾನೂ ತಿಳಿದಿದ್ದೆ.

"ನಾ ಇಲ್ದಿದ್ರೂ ಕೊಡಾ ತುಂಬತಾವಲ್ರಿ," ಅಂದರು, ಮೆಲ್ಲಗೆ. "ಮತ್ತ ಇಷ್ಟು ವರ್ಷ ನಾ ಯಾಕ ಎಲ್ಲೂ ಹೋಗಲಿಲ್ಲ?"

ಕೇಳಿದ್ದು ಅಣ್ಣನನ್ನು. ನಾನೂ ತಲೆ ತಗ್ಗಿಸಿದೆ. ಕೊಡ ಎತ್ತಲು ನನಗೂ ಎರಡು ಕೈ ಇವೆಯಲ್ಲ? ವೈನಿ ಉತ್ತರಕ್ಕೆ ಕಾಯಲಿಲ್ಲ. ಸೀರೆ ತೊಯ್ದರೂ ಲೆಕ್ಕಿಸದೆ ಮೊಣಕಾಲುದ್ದ ನೀರಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತರು. ಬೋಟಿನವನು ಹೊರಡೋಣ ಎಂದು ಕರೆದಾಗಲೂ ತಿರುಗಲಿಲ್ಲ.

ಅದಿರಲಿ, ನಿಮ್ಮ ಮನೆಯಲ್ಲಿ ನೀರು ಬರುವ ದಿನ ಊರು ಬಿಡಬಾರದವರು ಯಾರು?