ಅಟ್ಟೂರಿನ ಮಂಟಪವೂ ಮುನಿಶಾಮಪ್ಪನೂ

ಅಟ್ಟೂರು ಕೆರೆಯ ಪಕ್ಕದ ಹಳೆಯ ಕಲ್ಲುಮಂಟಪಕ್ಕೆ ಮುನಿಶಾಮಪ್ಪನನ್ನು ಕಾವಲುಗಾರನೆಂದು ಯಾರೂ ನೇಮಿಸಿಲ್ಲ, ಆದರೆ ಎಪ್ಪತ್ತು ದಾಟಿದ ಆತ ಒಂದು ದಿನವೂ ರಜೆ ಹಾಕಿದವನಲ್ಲ. ಬೆಳಿಗ್ಗೆ ತಲೆಗೆ ಮಫ್ಲರ್ ಸುತ್ತಿಕೊಂಡು ಬಂದು ಜಗಲಿಯ ಮೇಲೆ ಕೂತನೆಂದರೆ, ವಾಕಿಂಗಿಗೆ ಬಂದವರು ತಪ್ಪಿಸಿಕೊಳ್ಳುವಂತಿಲ್ಲ. "ಏನಂತ ತಿಳ್ಕೊಂಡಿದ್ದೀರಿ ಇದನ್ನ? ಪಾಳೇಗಾರ್ರ ಕಾಲ್ದಾಗೆ ದಾರಿಹೋಕರು ಇಲ್ಲೇ ಮಲಗ್ತಿದ್ರು, ಆಮೇಲೆ ಸುಂಕದ ಕಟ್ಟೆ ಆಯ್ತು, ನಮ್ಮಪ್ಪನ ಕಾಲಕ್ಕೆ ಇಸ್ಕೂಲು, ನನ್ನ ಕಾಲಕ್ಕೆ ಸೀಮೆಎಣ್ಣೆ ಡಿಪೋ!" ಎಂದು ಶುರುಮಾಡುತ್ತಾನೆ. ಈಗ ಅಲ್ಲಿ ಬೆಳಿಗ್ಗೆ ಯೋಗ, ಸಂಜೆ ಮದುವೆಗೆ ಮುಂಚಿನ ಫೋಟೋಶೂಟ್. ಮದುಮಗಳ ಸೆರಗು ಗಾಳಿಗೆ ಹಾರದಿದ್ದರೆ ಟವೆಲ್ ಬೀಸಿ ಹಾರಿಸಿಕೊಡುವವನೂ ಇವನೇ. ಹೋದ ತಿಂಗಳು ಮಂಟಪಕ್ಕೆ ಬೇಲಿ ಹಾಕಿ ಬೀಗ ಜಡಿಯಬೇಕೆಂದು ಅಳತೆ ತೆಗೆಯಲು ಚೈತ್ರ ಎಂಬ ಎಂಜಿನಿಯರ್ ಬಂದಳು. ಮುನಿಶಾಮಪ್ಪ ಅವಳ ಟೇಪಿನ ಮೇಲೆಯೇ ಕಾಲಿಟ್ಟು ನಿಂತ. "ಬೀಗ ಹಾಕ್ಬೇಡಿ ಮೇಡಂ, ಇದು ಒಂದಿನಾನೂ ಖಾಲಿ ಕೂತಿದ್ದಲ್ಲ." ಚೈತ್ರ ನಕ್ಕು, "ಅದೆಲ್ಲ ಸರಿ ತಾತ, ನಿಮಗೂ ಇದಕ್ಕೂ ಏನ್ ಸಂಬಂಧ?" ಎಂದಳು. ಮುನಿಶಾಮಪ್ಪ ಟೇಪಿನ ಮೇಲಿಂದ ಕಾಲು ತೆಗೆದ. ಮೂಲೆಯ ಕಂಬವನ್ನು ಸವರುತ್ತ ಮೆಲ್ಲಗೆ ಹೇಳಿದ: "ನಮ್ಮವ್ವ ಹೊಲದಿಂದ ಮನೆಗೋಗೋವಾಗ ನೋವು ಬಂತಂತೆ ಕಣಮ್ಮ. ಈ ಕಂಬ ತಬ್ಕೊಂಡೇ ನನ್ನ ಹೆತ್ತಿದ್ದು." ಚೈತ್ರ ನಕ್ಷೆಯ ಬೇಲಿಯಲ್ಲಿ ಬೀಗವಿಲ್ಲದ ಗೇಟೊಂದನ್ನು ಬರೆದಳು, ಕಟ್ಟಡದ ಹಿಂದಿನ ಉಪಯೋಗಗಳ ಪಟ್ಟಿಯಲ್ಲಿ ಡಿಪೋದ ಕೆಳಗೆ ‘ಹೆರಿಗೆಮನೆ’ ಎಂದು ಸೇರಿಸಿದಳು.